‘ಸಿಗೋಣ’ ಅಂದರೆ ಯಾವತ್ತು? ಆಪ್ತ ಗೆಳೆತನಕ್ಕೆ ಸಮಯ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ಒಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ತುಂಬಾ ಹಳೆಯ ಗೆಳತಿಯ ಜೊತೆಗಿನ ವಾಟ್ಸಾಪ್ ಮಾತುಗಳನ್ನು ಸುಮ್ನೆ ಮೇಲಕ್ಕೆ ಸರಿಸುತ್ತಾ ಓದಿದೆ. ಹುಟ್ಟುಹಬ್ಬದ ಶುಭಾಶಯ. ಒಂದು ಫಾರ್ವರ್ಡ್. ಮಗುವಿನ ಫೋಟೋಗೆ ಒಂದು ಹಾರ್ಟ್. ಆಮೇಲೆ ‘ಸಿಗೋಣ ಕಣೇ’. ಅದರ ಕೆಳಗೆ ‘ಹೂಂ, ಸಿಗಲೇಬೇಕು’. ಮತ್ತೆ ಎರಡು ತಿಂಗಳು ಏನೂ ಇಲ್ಲ. ಮತ್ತೆ ‘ಸಿಗೋಣ’. ಎಣಿಸಿದೆ. 8 ತಿಂಗಳಲ್ಲಿ ಇಬ್ಬರೂ ಸೇರಿ 11 ಸಲ ಹಾಗೆ ಬರೆದಿದ್ದೆವು. ಸಿಕ್ಕಿದ್ದು ಒಂದು ಸಲವೂ ಇಲ್ಲ. ಇಬ್ಬರ ಮನೆಗೂ ಮುಕ್ಕಾಲು ಗಂಟೆ ದಾರಿ ಅಷ್ಟೇ.

ಜಗಳ ಆಗಿರಲಿಲ್ಲ. ಬೇಸರವೂ ಇರಲಿಲ್ಲ. ಆ 11 ಮೆಸೇಜುಗಳಲ್ಲಿ ಒಂದರಲ್ಲೂ ತಾರೀಖು ಇರಲಿಲ್ಲ, ಅದೇ ಆಗಿದ್ದು. ಜಗಳ ಆಡಿ ದೂರವಾದ ಗೆಳೆಯರಿಗಿಂತ ಹೀಗೆ ತಾರೀಖಿಲ್ಲದೆ ದೂರವಾದವರೇ ಜಾಸ್ತಿ ಅಂತ ನನಗೆ ಅನಿಸುತ್ತದೆ. ಅದಕ್ಕೇ ಈ ಬರಹದಲ್ಲಿ ಮತ್ತೆ ಮತ್ತೆ ತಾರೀಖಿಗೇ ಬಂದು ನಿಲ್ಲುತ್ತೇನೆ.

ಓದುವ ವಯಸ್ಸಿನಲ್ಲಿ ಇದೆಲ್ಲ ಬೇಕಾಗಿರಲಿಲ್ಲ, ಅಲ್ವಾ? ಒಂದೇ ಬೆಂಚು, ಒಂದೇ ಬಸ್ಸು, ಒಂದೇ ಹಾಸ್ಟೆಲ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿ ಮನೆಗಳಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಜೊತೆಯವರು ಒಂದು ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದರು. ಯಾರಿಗೆ ಯಾರು ಗೆಳೆಯರಾದರು ಅಂತ ನೋಡಿದರೆ, ಬಾಗಿಲು ಎಷ್ಟು ಹತ್ತಿರ, ಮೆಟ್ಟಿಲ ಬಳಿ ಎಷ್ಟು ಸಲ ಎದುರಾಗುತ್ತಾರೆ ಅನ್ನುವುದೇ ಬಹಳ ಮುಖ್ಯವಾಗಿತ್ತು. ಅಂದರೆ ಆಗ ನಮ್ಮ ಗೆಳೆತನವನ್ನು ಅರ್ಧ ನಡೆಸುತ್ತಿದ್ದದ್ದು ಜಾಗ. ಕೆಲಸ, ಮದುವೆ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಅಂತ ಬದುಕು ಹರಡಿಕೊಂಡ ಮೇಲೆ ಆ ಜಾಗ ಹೋಯಿತು. ಅದು ಮಾಡುತ್ತಿದ್ದ ಕೆಲಸವನ್ನು ಈಗ ನಾವೇ ಕೈಯಾರೆ ಮಾಡಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಹೆಸರು ಬರೆಯಿರಿ, ಮೂರಕ್ಕಿಂತ ಜಾಸ್ತಿ ಬೇಡ

ಎಲ್ಲ ಗೆಳೆಯರನ್ನೂ ಉಳಿಸಿಕೊಳ್ಳುತ್ತೇನೆ ಅಂತ ಹೊರಟರೆ ಒಬ್ಬರೂ ಉಳಿಯುವುದಿಲ್ಲ. ಬ್ರಿಟನ್ನಿನ ರಾಬಿನ್ ಡನ್ಬಾರ್ ಎಂಬ ವಿಜ್ಞಾನಿಯ ಲೆಕ್ಕದಲ್ಲಿ ಒಬ್ಬ ಮನುಷ್ಯ ಸರಿಯಾಗಿ ಒಡನಾಟ ಇಟ್ಟುಕೊಳ್ಳಬಲ್ಲದ್ದು ಸುಮಾರು 150 ಜನರ ಜೊತೆ. ಅದರೊಳಗೆ 50, ಅದರೊಳಗೆ 15, ತೀರಾ ಒಳಗೆ ಸುಮಾರು 5. ಆ 5ರಲ್ಲಿ ಮನೆಯವರೂ ಸೇರುತ್ತಾರೆ ಅನ್ನುವುದನ್ನು ಗಮನಿಸಿ. ಗಂಡ ಅಥವಾ ಹೆಂಡತಿ, ಅಮ್ಮ, ಅಕ್ಕ ಅಂತ ಲೆಕ್ಕ ಹಾಕಿದರೆ ಗೆಳೆಯರಿಗೆ ಉಳಿಯುವ ಜಾಗ ಒಂದೋ ಎರಡೋ.

ಆದ್ದರಿಂದ ಒಂದು ಚೀಟಿ ತೆಗೆದುಕೊಳ್ಳಿ. ಕೆಟ್ಟ ಸುದ್ದಿ ಬಂದಾಗ ಯಾರಿಗೆ ಹೇಳಬೇಕು ಅನಿಸುತ್ತದೆ? ಒಳ್ಳೆಯ ಸುದ್ದಿ ಬಂದಾಗ ಯಾರಿಗೆ ಹೇಳದಿದ್ದರೆ ಅದು ಪೂರ್ತಿ ಒಳ್ಳೆಯದಾಗುವುದಿಲ್ಲ? ಎರಡಕ್ಕೂ ಒಂದೇ ಹೆಸರು ಬಂದರೆ ಅವರಿಂದಲೇ ಶುರು ಮಾಡಿ. ಉಳಿದವರನ್ನು ಕೈಬಿಡಿ ಅಂತಲ್ಲ. ಅವರ ಜೊತೆ ಮದುವೆ ಮನೆಯಲ್ಲಿ, ಗ್ರೂಪಿನಲ್ಲಿ ಸಿಗುತ್ತಾ ಇರಿ. ಈ ಮಾರ್ಗದರ್ಶಿ ಆ ಚೀಟಿಯಲ್ಲಿರುವವರಿಗೆ.

ಹೆಜ್ಜೆ 2: ನಿಮ್ಮ ವಾರವನ್ನು ಇದ್ದ ಹಾಗೆ ನೋಡಿ

‘ಟೈಮೇ ಇಲ್ಲ’ ಅನ್ನುವುದು ಸುಳ್ಳಲ್ಲ. ಅದನ್ನು ಹೇಳುವವರ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಎಲ್ಲಿ ಇಲ್ಲ, ಎಲ್ಲಿ ಸ್ವಲ್ಪ ಇದೆ ಅಂತ ಬರೆದು ನೋಡಿದ ಮೇಲೆ ಆ ಮಾತು ಹೇಳಿ. ಎರಡು ವಾರ ದಿನಕ್ಕೆ ಎರಡು ಸಾಲು ಬರೆದರೆ ಸಾಕು: ಇವತ್ತು ಒಬ್ಬಳೇ ಏನೇನು ಮಾಡಿದೆ, ಎಷ್ಟು ಹೊತ್ತು. ನನ್ನ ಪಟ್ಟಿಯಲ್ಲಿ ವಾರಕ್ಕೆ ನಾಲ್ಕು ದಿನ ಬೆಳಗಿನ ವಾಕಿಂಗ್ ಇತ್ತು, ಮಗಳ ಸಂಗೀತ ತರಗತಿ ಮುಗಿಯುವ ತನಕ ಹೊರಗೆ ಕೂತು ಕಾಯುವ ಒಂದು ಗಂಟೆ ಇತ್ತು, ತಿಂಗಳ ಸಾಮಾನು ತರುವ ಅರ್ಧ ದಿನ ಇತ್ತು. ಇವೆಲ್ಲ ಹೇಗಿದ್ದರೂ ನಡೆಯುವ ಕೆಲಸಗಳು. ಇವುಗಳಲ್ಲಿ ಒಂದಕ್ಕೆ ಇನ್ನೊಬ್ಬರು ಬಂದು ಸೇರಿಕೊಂಡರೆ ಹೊಸದಾಗಿ ಸಮಯ ಹುಡುಕುವ ಕೆಲಸವೇ ಇಲ್ಲ.

ಎಷ್ಟು ಸಮಯ ಬೇಕು ಅಂತ ಕೇಳುತ್ತೀರಿ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಂದಾಜು ಕೊಟ್ಟರು. ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಗೆಳೆಯರು ಅನ್ನಿಸಿಕೊಳ್ಳಲು ಸುಮಾರು 90, ಆಪ್ತರಾಗಲು 200 ಗಂಟೆಗಿಂತ ಜಾಸ್ತಿ. ಇದು ಹೊಸ ಗೆಳೆತನ ಬೆಳೆಯುವ ಲೆಕ್ಕ, ಹಳೆಯದನ್ನು ಉಳಿಸಿಕೊಳ್ಳುವ ಲೆಕ್ಕ ಅಲ್ಲ. ಆದರೂ ನನಗೆ ಇದರಿಂದ ಒಂದು ಧೈರ್ಯ ಬಂತು. ನಾನು ಮತ್ತು ನನ್ನ ಗೆಳತಿ ಆ 200 ಗಂಟೆಯನ್ನು ಹಾಸ್ಟೆಲ್ಲಿನ ಮೊದಲ ಎರಡು ತಿಂಗಳಲ್ಲೇ ಮುಗಿಸಿದ್ದೆವು. ಈಗ ಮೊದಲಿನಿಂದ ಕಟ್ಟಬೇಕಾಗಿಲ್ಲ, ಕಟ್ಟಿದ್ದನ್ನು ನೋಡಿಕೊಂಡರೆ ಸಾಕು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಕೆಲಸದ ಜಾಗದಲ್ಲಿ ಅನಿವಾರ್ಯವಾಗಿ ಒಟ್ಟಿಗಿದ್ದ ಗಂಟೆಗಳಿಂದ ಆಪ್ತತೆ ಅಷ್ಟೇನೂ ಬೆಳೆಯಲಿಲ್ಲ, ಹರಟೆ ಹೊಡೆಯುತ್ತಾ, ನಗುತ್ತಾ, ಬೇಕು ಅಂತಲೇ ಜೊತೆಗೆ ಕಳೆದ ಗಂಟೆಗಳಿಂದ ಬೆಳೆಯಿತು.

ಹೆಜ್ಜೆ 3: ಆ ಮೊದಲ ಮೆಸೇಜು

ತುಂಬಾ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಒಂದು ವರ್ಷ ಮಾತಾಡಿಲ್ಲ, ಈಗ ಏನಂತ ಬರೆಯುವುದು? ಏನೋ ಕೆಲಸ ಇರಬೇಕು, ಅದಕ್ಕೇ ನೆನಪಾಯಿತು ಅಂದುಕೊಂಡರೆ? ಅವರ ಅಪ್ಪ ತೀರಿಕೊಂಡಾಗಲೂ ನಾನು ಫೋನ್ ಮಾಡಿರಲಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಈ ಅಳುಕು ನನಗೆ ಚೆನ್ನಾಗಿ ಗೊತ್ತು. ಪೆಗ್ಗಿ ಲಿಯು ಎಂಬ ಸಂಶೋಧಕಿ ಮತ್ತು ಜೊತೆಯವರು 2022ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸುಮ್ನೆ ಹೇಗಿದ್ದೀಯಾ ಅಂತ ಕೇಳಿದರೆ ಎದುರಿನವರಿಗೆ ಎಷ್ಟು ಖುಷಿ ಆಗಬಹುದು ಅಂತ ಕೇಳುವವರು ಅಂದಾಜು ಮಾಡಿದ್ದಕ್ಕಿಂತ, ನಿಜವಾಗಿ ಆದ ಖುಷಿ ಜಾಸ್ತಿ ಇತ್ತು. ಅನಿರೀಕ್ಷಿತವಾಗಿ ಬಂದಷ್ಟೂ ಇನ್ನೂ ಜಾಸ್ತಿ. ಅಂದರೆ ನೀವು ಮಾತು ಬಿಟ್ಟು ಬಹಳ ದಿನ ಆಗಿದೆ ಅನ್ನುವುದೇ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಬರೆಯುವಾಗ ಮೂರು ವಿಷಯ ನೋಡಿಕೊಳ್ಳಿ. ಉದ್ದದ ಕ್ಷಮಾಪಣೆಯಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಅವರು ‘ಪರವಾಗಿಲ್ಲ ಬಿಡು’ ಅಂತ ಸಮಾಧಾನ ಮಾಡುವುದರಲ್ಲೇ ಮಾತು ಮುಗಿಯುತ್ತದೆ. (ದೊಡ್ಡ ತಪ್ಪೇ ಆಗಿದ್ದರೆ, ಅವರ ಕಷ್ಟಕ್ಕೆ ನೀವು ಹೋಗಿರದಿದ್ದರೆ, ಅದನ್ನು ಮುಖ ನೋಡಿ ಹೇಳಿ.) ಎರಡನೆಯದು, ಯಾಕೆ ನೆನಪಾಯಿತು ಅಂತ ಒಂದು ನಿಜವಾದ ಕಾರಣ ಬರೆಯಿರಿ. ಮೂರನೆಯದು, ದಿನ ಮತ್ತು ಹೊತ್ತು ಹಾಕಿ. ನಾನು ಅವತ್ತು ಬೆಳಗ್ಗೆ ಕಳಿಸಿದ್ದು ಇಷ್ಟು: ‘ರಾತ್ರಿ ನಮ್ಮ ಹಳೇ ಮೆಸೇಜ್ ಓದ್ತಾ ಇದ್ದೆ. 11 ಸಲ ಸಿಗೋಣ ಅಂದಿದ್ದೀವಿ ಕಣೇ. ಈ ಶನಿವಾರ ಬೆಳಗ್ಗೆ ಆರೂವರೆಗೆ ನಿನ್ನ ಮನೆ ಹತ್ತಿರದ ಕೆರೆ ದಂಡೆಗೆ ಬರ್ತೀನಿ. ಒಂದು ಸುತ್ತು ನಡೆಯೋಣ. ಶನಿವಾರ ಆಗದಿದ್ರೆ ಭಾನುವಾರ, ಅದೇ ಹೊತ್ತು.’ ನಾಲ್ಕು ನಿಮಿಷಕ್ಕೆ ಉತ್ತರ ಬಂತು. ‘ಭಾನುವಾರ. ಬಾ.’

‘ಫ್ರೀ ಇದ್ದಾಗ ಹೇಳು’ ಅಂತ ಮಾತ್ರ ಬರೆಯಬೇಡಿ. ಬರೆಯುವವರಿಗೆ ಅದು ಸೌಜನ್ಯ ಅನಿಸುತ್ತದೆ. ಆದರೆ ಓದುವವರ ತಲೆಗೆ ಒಂದು ಕೆಲಸ ಕಟ್ಟಿದ ಹಾಗೆ. ಅವರೇ ಕ್ಯಾಲೆಂಡರ್ ನೋಡಬೇಕು, ಮನೆಯಲ್ಲಿ ಕೇಳಬೇಕು, ಹೊತ್ತು ಹೇಳಬೇಕು. ಎರಡು ದಿನ ಹೆಸರಿಸಿ ಕೊಟ್ಟರೆ ಅವರು ಒಂದನ್ನು ಆರಿಸಿದರೆ ಮುಗಿಯಿತು.

ಹೆಜ್ಜೆ 4: ಒಂದು ಸಲ ಸಿಕ್ಕಿದ್ದು ಸಾಲದು, ಸರದಿ ಹಾಕಿ

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಈ ಹೆಜ್ಜೆ ಮಾಡಿ.

ಮೊದಲ ಭೇಟಿ ಯಾವಾಗಲೂ ಚೆನ್ನಾಗೇ ಆಗುತ್ತದೆ. ಹೊರಡುವಾಗ ‘ಇನ್ಮೇಲೆ ಹೀಗೇ ಸಿಗ್ತಾ ಇರೋಣ’ ಅಂತಾರೆ. ಹೀಗೇ ಅಂದರೆ ಹೇಗೆ? ಅಲ್ಲೇ ಮತ್ತೆ ಹಳೆಯ ದಾರಿ ಹಿಡಿಯುತ್ತೇವೆ. ಅವತ್ತು ನಾವು ನಡೆದು ಮುಗಿಸಿ ಅವಳ ಮನೆಯಲ್ಲಿ ಸ್ವಲ್ಪ ಹೊತ್ತು ಕೂತು, ನಾನು ಹೊರಟೆ. ಒಂದು ಕಾಲು ಚಪ್ಪಲಿಯಲ್ಲಿದೆ, ಇನ್ನೊಂದು ಹೊಸ್ತಿಲ ಮೇಲಿದೆ. ‘ತಡಿ, ಮುಂದಿನ ತಿಂಗಳು ಯಾವತ್ತು?’ ಅಂದೆ. ಅವಳು ಒಳಗೆ ಹೋಗಿ ಫೋನ್ ತಂದಳು. ‘12?’ ‘ಅವತ್ತು ಮಗಳ ಸ್ಕೂಲಲ್ಲಿ ಮೀಟಿಂಗ್.’ ‘19?’ ‘ಆಗತ್ತೆ. ಬೆಳಗ್ಗೆ.’ ಅಲ್ಲೇ ನಿಂತು ಇಬ್ಬರೂ ಬರೆದುಕೊಂಡೆವು. ಒಂದು ನಿಮಿಷವೂ ಹಿಡಿಯಲಿಲ್ಲ.

ಅದೇ ನಮ್ಮ ನಿಯಮ ಆಯಿತು. ಮುಂದಿನ ತಾರೀಖು ಗೊತ್ತಾಗದೆ ಯಾರೂ ಎರಡನೇ ಚಪ್ಪಲಿ ಹಾಕುವಂತಿಲ್ಲ.

ನಿಮಗೆ ಇನ್ನೂ ಸುಲಭದ್ದು ಬೇಕೆಂದರೆ ‘ಪ್ರತಿ ತಿಂಗಳ ಮೂರನೇ ಭಾನುವಾರ’ ಅಂತ ಒಂದೇ ಸಲ ಗೊತ್ತು ಮಾಡಿ, ಫೋನಿನಲ್ಲಿ ಹಿಂದಿನ ಗುರುವಾರವೇ ನೆನಪಿಸುವ ಹಾಗೆ ಇಟ್ಟುಕೊಳ್ಳಿ. ಶಿಫ್ಟ್ ಕೆಲಸದವರಿಗೆ ಇದು ಹೊಂದುವುದಿಲ್ಲ. ಅವರು ರೋಸ್ಟರ್ ಬಂದ ದಿನವೇ ಅದರ ಫೋಟೋ ಕಳಿಸಿ ಒಂದು ದಿನ ಹಿಡಿಯಬೇಕು. ವಾರಕ್ಕೊಂದು ಸಲ ಸಿಗುತ್ತೇವೆ ಅಂತ ಹಟ ಹಿಡಿದು ಒಂದೂವರೆ ತಿಂಗಳಿಗೆ ಬಿಟ್ಟುಬಿಡುವುದಕ್ಕಿಂತ ತಿಂಗಳಿಗೊಂದು ಸಲ ತಪ್ಪದೆ ಸಿಗುವುದು ಎಷ್ಟೋ ಮೇಲು.

ತಪ್ಪುವುದಂತೂ ತಪ್ಪುತ್ತದೆ. ಮಗುವಿಗೆ ಜ್ವರ, ಆಫೀಸಿನಲ್ಲಿ ತುರ್ತು. ಅದಕ್ಕೂ ಮೊದಲೇ ಒಂದು ಒಪ್ಪಂದ ಇರಲಿ: ಯಾರಿಗೆ ಆಗುವುದಿಲ್ಲವೋ ಅವರೇ, ಆಗುವುದಿಲ್ಲ ಅಂತ ಹೇಳುವ ಅದೇ ಮೆಸೇಜಿನಲ್ಲಿ ಹೊಸ ದಿನ ಬರೆಯಬೇಕು, ಅದೂ ಹತ್ತು ದಿನದ ಒಳಗಿನದ್ದು. ‘ಇವತ್ತು ಆಗಲ್ಲ ಕಣೇ’ ಅನ್ನುವುದಕ್ಕೂ ‘ಇವತ್ತು ಆಗಲ್ಲ, ಬುಧವಾರ ಸಂಜೆ ಬರ್ತೀನಿ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಓದುವವರ ಎದೆಗೆ ತಟ್ಟುತ್ತದೆ. ಮೊದಲನೆಯದು ಮೂರು ಸಲ ಬಂದರೆ ಯಾರಾದರೂ ಕೇಳುವುದನ್ನೇ ನಿಲ್ಲಿಸುತ್ತಾರೆ.

ಹೆಜ್ಜೆ 5: ಭೇಟಿಯನ್ನು ಚಿಕ್ಕದು ಮಾಡಿ

ಸಿಗುವುದನ್ನು ಒಂದು ಸಮಾರಂಭ ಮಾಡಿಕೊಂಡರೆ ಸಿಗುವುದು ಕಡಿಮೆಯಾಗುತ್ತದೆ. ಮನೆಗೆ ಕರೆಯಬೇಕೆಂದರೆ ಮನೆ ಒಪ್ಪವಾಗಬೇಕು, ಅಡುಗೆ ಆಗಬೇಕು, ಸೋಫಾದ ಮೇಲಿನ ಬಟ್ಟೆ ಮಡಿಸಬೇಕು ಅಂತ ಕೂತರೆ ಆ ಭಾನುವಾರ ಬರುವುದೇ ಇಲ್ಲ. ನನ್ನ ಗೆಳತಿ ಬಂದಾಗ ಬಟ್ಟೆಯ ರಾಶಿ ಅಲ್ಲೇ ಇರುತ್ತದೆ. ಇಬ್ಬರೂ ಕೂತು ಮಡಿಸುತ್ತೇವೆ. ಅವಳು ನನ್ನ ಮಗಳ ಯೂನಿಫಾರ್ಮಿನ ತೋಳು ಒಳಕ್ಕೆ ಮಡಿಸುತ್ತಾ, ತಲೆ ಎತ್ತದೆ, ತನ್ನ ಕೆಲಸ ಹೋಗುವ ಹಾಗಿದೆ ಅಂತ ಹೇಳಿದ್ದು ಹಾಗೆ ಕೂತಿದ್ದಾಗಲೇ. ಎದುರುಬದುರು ಕೂತು ‘ಹೇಳು, ಏನು ಸಮಾಚಾರ’ ಅಂದಿದ್ದರೆ ಅವಳ ಬಾಯಿಂದ ಅದು ಬರುತ್ತಿರಲಿಲ್ಲ. ಕೈಗೆ ಕೆಲಸ ಇದ್ದಾಗ, ಅಥವಾ ಪಕ್ಕಪಕ್ಕ ನಡೆಯುವಾಗ, ಕಣ್ಣು ತಪ್ಪಿಸುವ ಕಷ್ಟ ಇರುವುದಿಲ್ಲ. ಮಾತು ತಾನಾಗೇ ಬರುತ್ತದೆ.

ಹೀಗೆ ಜೊತೆಗೆ ಮಾಡಬಹುದಾದ ಕೆಲಸ ಎಷ್ಟೋ ಇವೆ. ಬ್ಯಾಂಕಿಗೋ ಟೈಲರ್ ಹತ್ತಿರವೋ ಹೋಗುವುದಿದ್ದರೆ ‘ಬಾ, ಜೊತೆಗೆ ಹೋಗೋಣ’ ಅನ್ನಿ. ಕಣ್ಣಿನ ಡಾಕ್ಟರ್ ಹತ್ತಿರ ಕಾಯುವಾಗ ಜೊತೆಗೆ ಕೂರಿ. ಮಕ್ಕಳ ಆಟದ ಮೈದಾನದ ಅಂಚಿನಲ್ಲಿ ಸಿಗಿ. ಗಂಡಸರಿಗೆ ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ‘ಸುಮ್ನೆ ಮಾತಾಡೋಣ ಬಾ’ ಅಂತ ಗೆಳೆಯನನ್ನು ಕರೆಯುವುದು ಎಷ್ಟೋ ಗಂಡಸರಿಗೆ ಆಗುವುದೇ ಇಲ್ಲ, ‘ಬೈಕ್ ಸರ್ವಿಸ್‌ಗೆ ಬಿಡಬೇಕು, ಬರ್ತೀಯಾ?’ ಅನ್ನುವುದು ಸಲೀಸು. ಸಲೀಸಾದದ್ದನ್ನೇ ಕೇಳಿ.

ದುಡ್ಡಿನ ವಿಷಯ. ಓದುವಾಗ ಇಬ್ಬರ ಜೇಬೂ ಒಂದೇ ಥರ ಇತ್ತು, ಈಗ ಇರಲಿಕ್ಕಿಲ್ಲ. ಸಂಬಳ ಜಾಸ್ತಿ ಇರುವವರು ದುಬಾರಿ ಜಾಗ ಹೇಳುತ್ತಾ ಹೋದರೆ ಇನ್ನೊಬ್ಬರು ಕಾರಣ ಹೇಳದೆ ತಪ್ಪಿಸಿಕೊಳ್ಳಲು ಶುರು ಮಾಡುತ್ತಾರೆ. ಪ್ರತಿ ಸಲ ನೀವೇ ಬಿಲ್ ಕೊಡುವುದೂ ಪರಿಹಾರ ಅಲ್ಲ. ಖರ್ಚಿಲ್ಲದ ಭೇಟಿಯೇ ರೂಢಿಯಾಗಲಿ.

ಹೆಜ್ಜೆ 6: ಸಿಕ್ಕಾಗ ಪೂರ್ತಿ ಸಿಗಿ

ಫೋನ್ ಬ್ಯಾಗಿನೊಳಗೆ ಇಡಿ. ಮನೆಯಿಂದ ಕರೆ ಬರುವುದಿದ್ದರೆ ಅವರ ನಂಬರಿಗೆ ಮಾತ್ರ ಸದ್ದು ಇಡಿ.

ಹೋದ ಸಲ ಹೇಳಿದ್ದನ್ನು ನೆನಪಿಟ್ಟುಕೊಂಡು ಕೇಳಿ. ನನಗೆ ಮರೆವು ಜಾಸ್ತಿ, ಹಾಗಾಗಿ ಮನೆಗೆ ಬಂದ ತಕ್ಷಣ ಫೋನಿನಲ್ಲಿ ಎರಡು ಸಾಲು ಬರೆದಿಡುತ್ತೇನೆ: ‘ಅಮ್ಮನ ಕಣ್ಣಿನ ಆಪರೇಷನ್ 23ಕ್ಕೆ. ಹೊಸ ಮ್ಯಾನೇಜರ್.’ ಇದು ನಾಟಕ ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. 23ರ ಸಂಜೆ ‘ಅಮ್ಮ ಹೇಗಿದ್ದಾರೆ?’ ಅಂತ ಕೇಳಿದಾಗ ಅವಳಿಗೆ ಬೇಕಾಗಿದ್ದದ್ದು ಆ ಪ್ರಶ್ನೆ, ನನಗೆ ಅದು ಹೇಗೆ ನೆನಪಾಯಿತು ಅನ್ನುವುದಲ್ಲ.

ಒಳ್ಳೆಯ ಸುದ್ದಿಗೆ ಕೂಡ ಅಷ್ಟೇ ಹೊತ್ತು ಕೊಡಿ. ಬಡ್ತಿ ಸಿಕ್ಕಿತು ಅಂದರೆ ‘ಸೂಪರ್’ ಅಂದು ಮುಂದಿನ ವಿಷಯಕ್ಕೆ ಹೋಗಬೇಡಿ. ಯಾವಾಗ ಗೊತ್ತಾಯಿತು, ಯಾರು ಹೇಳಿದರು, ಮೊದಲು ಯಾರಿಗೆ ಫೋನ್ ಮಾಡಿದೆ ಅಂತ ಕೇಳಿ. ಅವರು ಅದನ್ನು ಇನ್ನೊಂದು ಸಲ ಅನುಭವಿಸಲಿ.

ಹೆಜ್ಜೆ 7: ನಡುವಿನ ದಿನಗಳು, ಮತ್ತು ದೂರದಲ್ಲಿರುವವರು

ಭೇಟಿಗಳ ನಡುವೆ ವಾರಕ್ಕೊಂದು ಹತ್ತು ನಿಮಿಷದ ಕರೆ ಸಾಕು. ಮೆಸೇಜಿಗಿಂತ ಕರೆ ಮೇಲು ಅಂತ ನಾನು ಅನುಭವದಿಂದ ಹೇಳುತ್ತಿದ್ದೆ, ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅದೇ ಕಂಡಿತು. ಹಳೆಯ ಗೆಳೆಯರಿಗೆ ಫೋನ್ ಮಾಡಿದರೆ ಮುಜುಗರ ಆಗಬಹುದು ಅಂತ ಜನ ಹೆದರಿದ್ದರು. ಮಾಡಿ ನೋಡಿದಾಗ ಮುಜುಗರ ಇಮೇಲ್ ಬರೆದದ್ದಕ್ಕಿಂತ ಜಾಸ್ತಿಯೇನೂ ಇರಲಿಲ್ಲ, ಹತ್ತಿರ ಆದ ಭಾವ ಮಾತ್ರ ಜಾಸ್ತಿ ಇತ್ತು. ದನಿಯಲ್ಲೇ ಏನೋ ಇದೆ. ‘ಚೆನ್ನಾಗಿದ್ದೀನಿ’ ಅಂತ ಬರೆದರೆ ನಂಬಬೇಕಾಗುತ್ತದೆ, ಹೇಳಿದರೆ ನಿಜವೋ ಅಲ್ಲವೋ ಗೊತ್ತಾಗುತ್ತದೆ. ಕರೆಯ ಮೊದಲಲ್ಲೇ ‘ಹತ್ತು ನಿಮಿಷ ಇದೆ, ಅಷ್ಟರಲ್ಲಿ ಮಾತಾಡೋಣ’ ಅಂದುಬಿಡಿ. ಉದ್ದ ಆಗುತ್ತೇನೋ ಅನ್ನುವ ಭಯದಿಂದಲೇ ಎಷ್ಟೋ ಕರೆಗಳನ್ನು ಯಾರೂ ಎತ್ತುವುದಿಲ್ಲ.

ಬೇರೆ ದೇಶದಲ್ಲಿದ್ದರೆ ಇಬ್ಬರೂ ಎಚ್ಚರ ಇರುವ ಒಂದು ಹೊತ್ತನ್ನು ಹುಡುಕಿ ಅದನ್ನು ಬದಲಿಸಬೇಡಿ. ಒಬ್ಬರಿಗೆ ಬೆಳಗಿನ ನಡಿಗೆ, ಇನ್ನೊಬ್ಬರಿಗೆ ರಾತ್ರಿ ಪಾತ್ರೆ ತೊಳೆಯುವ ಹೊತ್ತು. ವಾಯ್ಸ್ ಮೆಸೇಜು ಇವರಿಗೆ ದೊಡ್ಡ ಅನುಕೂಲ. ವರ್ಷಕ್ಕೊಂದು ಸಲ ಊರಿಗೆ ಬಂದಾಗ ಹತ್ತು ಜನರ ಗುಂಪಿನಲ್ಲಿ ಸಿಗುವುದರ ಜೊತೆಗೆ, ಇಬ್ಬರೇ ಇರುವ ಅರ್ಧ ದಿನವನ್ನು ಟಿಕೆಟ್ ಮಾಡಿಸಿದ ವಾರದಲ್ಲೇ ಕೇಳಿ ಇಟ್ಟುಕೊಳ್ಳಿ. ಬಂದ ಮೇಲೆ ನೋಡೋಣ ಅಂದರೆ ನೆಂಟರಿಷ್ಟರ ಮನೆ ಸುತ್ತುವುದರಲ್ಲೇ ಆ ದಿನ ಮುಗಿದುಹೋಗುತ್ತದೆ.

ಹೆಜ್ಜೆ 8: ಮನೆಯವರಿಗೆ ಹೇಳಿ, ಕದ್ದು ಹೋಗಬೇಡಿ

ಮದುವೆಯಾದವರು ಗೆಳೆಯರಿಗೆ ಕೊಡುವ ಸಮಯವನ್ನು ಮನೆಯಿಂದ ಕದ್ದ ಸಮಯದ ಹಾಗೆ ನೋಡುತ್ತಾರೆ, ಹೆಂಗಸರು ಇನ್ನೂ ಜಾಸ್ತಿ. ‘ಸ್ವಲ್ಪ ಕೆಲಸ ಇದೆ’ ಅಂತ ಹೇಳಿ ಹೋಗಿ, ಅರ್ಧ ಮನಸ್ಸಿನಲ್ಲಿ ಕೂತು, ಗಡಿಯಾರ ನೋಡುತ್ತಾ ಬರುತ್ತಾರೆ. ಬೇಡ. ‘ಮೂರನೇ ಭಾನುವಾರ ಬೆಳಗ್ಗೆ ನಾನು ಅವಳ ಜೊತೆ ಇರುತ್ತೇನೆ, ಒಂಬತ್ತಕ್ಕೆ ವಾಪಸ್’ ಅಂತ ಬಾಯಿಬಿಟ್ಟು ಹೇಳಿ, ಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಾಗೇ ಗಂಡನಿಗೂ ಅಂಥದ್ದೇ ಒಂದು ಬೆಳಗ್ಗೆ ಬಿಟ್ಟುಕೊಡಿ. ಅವತ್ತು ಮಕ್ಕಳು, ಅಡುಗೆ ಎಲ್ಲ ನಿಮ್ಮದು. ನಮ್ಮ ಮನೆಯಲ್ಲಿ ಇದು ಒಂದು ವಾರದ ಜಗಳದ ನಂತರ ಬಂದ ಏರ್ಪಾಡು, ಈಗ ಇಬ್ಬರಿಗೂ ಇಷ್ಟ.

ಯಾವಾಗಲೂ ನಾನೇ ಕರೆಯಬೇಕಾ?

ಇದು ಹೆಜ್ಜೆ ಅಲ್ಲ, ಆದರೆ ಎಲ್ಲರೂ ಕೇಳುವ ಪ್ರಶ್ನೆ. ಸಂಕಟದ ಪ್ರಶ್ನೆಯೂ ಹೌದು. ಎರಡು ಥರದವರಿದ್ದಾರೆ. ಕೆಲವರು ತಾವಾಗಿ ಕರೆಯುವುದಿಲ್ಲ, ಕರೆದರೆ ಓಡಿ ಬರುತ್ತಾರೆ, ಬಂದರೆ ಹೋಗಲು ಮನಸ್ಸಿಲ್ಲ. ಅವರಿಗೆ ಕರೆಯುವ ಅಭ್ಯಾಸ ಇಲ್ಲ ಅಷ್ಟೇ. ಆ ಕೆಲಸ ನಿಮ್ಮದು ಅಂತ ಒಪ್ಪಿಕೊಂಡುಬಿಡಿ, ಲೆಕ್ಕ ಇಡಬೇಡಿ. ಅವರು ಬೇರೆ ಏನನ್ನೋ ಕೊಡುತ್ತಿರುತ್ತಾರೆ, ಹುಡುಕಿದರೆ ಕಾಣುತ್ತದೆ. ಇನ್ನು ಕೆಲವರು ಕರೆದರೂ ಬರುವುದಿಲ್ಲ, ಹೊಸ ದಿನವನ್ನೂ ಹೇಳುವುದಿಲ್ಲ. ಇವರ ವಿಷಯದಲ್ಲಿ ಒಳಗೊಳಗೇ ನೊಂದುಕೊಂಡು, ಪರೀಕ್ಷೆ ಮಾಡಲು ಮೌನವಾಗಿ ಇರಬೇಡಿ. ಅವರಿಗೆ ಪರೀಕ್ಷೆ ನಡೆಯುತ್ತಿದೆ ಅಂತಲೇ ಗೊತ್ತಿರುವುದಿಲ್ಲ. ನೇರವಾಗಿ ಹೇಳಿ: ‘ನಿನ್ನ ಜೊತೆ ಸಮಯ ಕಳೆಯೋದು ನನಗೆ ಬೇಕು. ನಾಲ್ಕು ಸಲ ಕೇಳಿದೆ, ಆಗಲಿಲ್ಲ. ಈಗ ನಿನಗೆ ಕಷ್ಟದ ಸಮಯವಾ, ಅಥವಾ ನಾನು ಏನಾದ್ರೂ ನೋಯಿಸಿದ್ದೀನಾ?’ ಇದಕ್ಕೂ ಉತ್ತರ ಬರದಿದ್ದರೆ ಅವರ ಹೆಸರನ್ನು ಚೀಟಿಯಿಂದ ಹೊರಗಿಡಿ, ನಂಬರ್ ಮಾತ್ರ ಅಳಿಸಬೇಡಿ. ಎಷ್ಟೋ ವರ್ಷದ ಮೇಲೆ ಆ ಕಡೆಯಿಂದ ಕರೆ ಬಂದದ್ದನ್ನು ನಾನು ನೋಡಿದ್ದೇನೆ.

ಹೆಜ್ಜೆ 9: ಕಷ್ಟದ ದಿನಗಳಲ್ಲಿ ಸರದಿಯನ್ನು ಬಿಡಬೇಡಿ, ಬಗ್ಗಿಸಿ

ಹೊಸ ಮಗು, ಕಾಯಿಲೆ, ಸಾವು, ಕೆಲಸ ಹೋಗುವುದು. ಇಂಥ ದಿನಗಳಲ್ಲಿ ‘ಅವರಿಗೆ ತೊಂದರೆ ಕೊಡೋದು ಬೇಡ’ ಅಂತ ದೂರ ಇರುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಇರುತ್ತೇವೆ. ಆದರೆ ಆ ಕಡೆಯವರಿಗೆ ಕಾಣುವುದು ದೂರ ಮಾತ್ರ. ‘ಏನಾದ್ರೂ ಬೇಕಿದ್ರೆ ಹೇಳು’ ಅನ್ನಬೇಡಿ, ಯಾರೂ ಹೇಳುವುದಿಲ್ಲ. ‘ನಾಳೆ ಐದಕ್ಕೆ ಬರ್ತೀನಿ, ಮಗು ನೋಡ್ಕೋತೀನಿ, ನೀನು ಸ್ನಾನ ಮಾಡಿ ಒಂದು ಗಂಟೆ ಮಲಗು’ ಅನ್ನಿ. ಎರಡು ಗಂಟೆಯ ಭೇಟಿ ಇಪ್ಪತ್ತು ನಿಮಿಷಕ್ಕೆ ಇಳಿಯಲಿ, ಇಳಿದರೂ ನಡೆಯಲಿ.

ಈ ವರ್ಷ ಅವಳ ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಮ್ಮ ಭಾನುವಾರ ಬಂತು. ಕೆರೆಗೆ ಹೋಗುವ ಮಾತೇ ಇರಲಿಲ್ಲ. ನಾನು ಐಸಿಯು ಹೊರಗಿನ ಬೆಂಚಿಗೆ ಹೋಗಿ ಅವಳ ಪಕ್ಕ ಕೂತೆ. ಅವಳ ಫೋನ್ ಚಾರ್ಜರ್, ಒಂದು ಶಾಲು ತಗೊಂಡು ಹೋಗಿದ್ದೆ. ಇಬ್ಬರೂ ಹೆಚ್ಚೇನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ನನ್ನ ಭುಜಕ್ಕೆ ಒರಗಿ ಹತ್ತು ನಿಮಿಷ ನಿದ್ದೆ ಮಾಡಿದಳು, ನಾನು ಅಲುಗಾಡದೆ ಕೂತಿದ್ದೆ. ಹೊರಡುವಾಗ ನಾನು ತಾರೀಖು ಕೇಳಲಿಲ್ಲ, ಕೇಳುವ ಹೊತ್ತು ಅದಾಗಿರಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಾಗ ಅವಳೇ ಬಂದು ಕೈ ಅಡ್ಡ ಇಟ್ಟಳು.

‘ಬುಧವಾರ ಬರ್ತೀಯಾ?’